ಮೇ ತಿಂಗಳಲ್ಲಿ ಹಸಿ ಅಡಿಕೆ ಎಲ್ಲಿಂದ ತರೋದು?

ನಮ್ಮ ಭಾವನವರದು ತೀರ್ಥಹಳ್ಳಿ ಹತ್ತಿರ ಒಂದು ವೆಲ್ಡಿಂಗ್ ಶೆಡ್. ಗೇಟು, ಗ್ರಿಲ್ಲು, ಟಿಲ್ಲರ್ ರಿಪೇರಿ ಎಲ್ಲ ಹೊಟ್ಟೆಪಾಡಿಗೆ. ಉಳಿದ ಹೊತ್ತೆಲ್ಲ ಹಸಿ ಅಡಿಕೆ ಸುಲಿಯುವ ಮಷೀನಿಗೆ. ಹದಿನಾಲ್ಕು ವರ್ಷದಿಂದ ಅದೊಂದನ್ನೇ ಬಿಚ್ಚಿ ಕಟ್ಟಿ ಮಾಡುತ್ತಿದ್ದಾರೆ.

ಪೇಟೆಯಲ್ಲಿ ಇಂಥ ಮಷೀನು ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಒಂದೇ ಗೊನೆಯಲ್ಲಿ ಸಣ್ಣ ಕಾಯಿ, ದೊಡ್ಡ ಕಾಯಿ ಎರಡೂ ಇರುತ್ತವೆ. ಬ್ಲೇಡನ್ನು ದೊಡ್ಡದಕ್ಕೆ ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಹೊರಗೆ ಬೀಳುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದೊಡ್ಡದಕ್ಕೆ ಗಾಯ, ಗಾಯವಾದ ಅಡಿಕೆಗೆ ಮಂಡಿಯಲ್ಲಿ ಮುಖ ಸಿಂಡರಿಸುತ್ತಾರೆ. ಕೈಯಲ್ಲೇ ಸುಲಿಯಲು ಮೆಟ್ಟುಗತ್ತಿ ಹಿಡಿದು ಕೂತವರಿಗೆ ಈ ರಗಳೆಯೇ ಇಲ್ಲ, ಕೈಗೇ ಗೊತ್ತಾಗುತ್ತದೆ. ಭಾವ ಬ್ಲೇಡಿನ ಹಿಂದೆ ಹಳೇ ಬೈಕಿನ ಕ್ಲಚ್ ಸ್ಪ್ರಿಂಗ್ ಕೂರಿಸಿದ್ದಾರೆ. ಕಾಯಿ ದೊಡ್ಡದಾದರೆ ಬ್ಲೇಡು ತಾನೇ ಹಿಂದೆ ಸರಿಯುತ್ತದೆ. ಇಷ್ಟೇ ಉಪಾಯ. ಇಷ್ಟಕ್ಕೆ ಹದಿನಾಲ್ಕು ವರ್ಷ ಯಾಕೆ ಬೇಕಾಯ್ತು ಅಂದರೆ, ಹಸಿ ನಾರು ಸ್ಪ್ರಿಂಗಿಗೆ ಸುತ್ತಿಕೊಂಡು ಅರ್ಧ ಗಂಟೆಗೆಲ್ಲ ಜಾಮ್ ಆಗುತ್ತಿತ್ತು, ಅದನ್ನು ಸರಿ ಮಾಡಿ ನೋಡೋಣ ಅನ್ನುವಷ್ಟರಲ್ಲಿ ಆ ವರ್ಷದ ಅಡಿಕೆ ಕೊಯ್ಲು ಮುಗಿದಿರುತ್ತಿತ್ತು. ಆಮೇಲೆ ಮುಂದಿನ ವರ್ಷವೇ.

ನಾನೇ ತಲೆಗೆ ಹುಳ ಬಿಟ್ಟದ್ದು. ಕರ್ನಾಟಕ ಸರ್ಕಾರ ಸ್ಟಾರ್ಟಪ್‌ಗಳಿಗೆ ನಡೆಸುವ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದರೆ 50 ಲಕ್ಷದವರೆಗೆ ಅನುದಾನ ಇದೆ, ಅದಕ್ಕೆ ಷೇರನ್ನೂ ಕೇಳೋದಿಲ್ಲ, ಕೇಂದ್ರದ್ದು ಸೀಡ್ ಫಂಡ್ ಅಂತ ಶುರುವಿನ ಖರ್ಚಿಗೆ ಕೊಡುವ ಹಣ ಬೇರೆ ಇದೆ, ಮಾದರಿ ಮಾಡಲು 20 ಲಕ್ಷದವರೆಗೆ ಕೊಡುತ್ತಾರೆ ಅಂತೆಲ್ಲ ಹೇಳಿದೆ. ಭಾವ ನಕ್ಕರು. "ಅಷ್ಟು ದುಡ್ಡು ತಗೊಂಡು ಎಂಥ ಮಾಡೂದು ಮಾರಾಯ, ನಂಗೆ ಒಳ್ಳೆ ಸ್ಟೀಲು ಸಿಕ್ಕಿದ್ರೆ ಸಾಕು."

ಆದರೂ ಕೂತೆವು. ಮೊದಲನೇ ಪೆಟ್ಟು ಅಲ್ಲೇ ಬಿತ್ತು. 2016ರಲ್ಲಿ ಶುರುವಾದ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಯೋಜನೆಯ ಲೆಕ್ಕದಲ್ಲಿ ಒಬ್ಬನೇ ಮಾಲೀಕನ ಶೆಡ್ ಸ್ಟಾರ್ಟಪ್ ಅಲ್ಲ. ಪ್ರೈವೇಟ್ ಲಿಮಿಟೆಡ್ ಆಗಬೇಕು, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಬೇಕು, ಇಲ್ಲ ನೋಂದಾಯಿತ ಪಾಲುದಾರಿಕೆ ಆಗಬೇಕು ಅಂತಿತ್ತು. ಸರಿ, ಅಕ್ಕನನ್ನು ಪಾಲುದಾರಳನ್ನಾಗಿ ಮಾಡಿದೆವು. ಸೀಡ್ ಫಂಡಿಗೆ ಸಂಸ್ಥೆ ಶುರುವಾಗಿ ಎರಡು ವರ್ಷ ದಾಟಿರಬಾರದು ಅಂತಿತ್ತು. ಅದಕ್ಕೂ ತೊಂದರೆ ಆಗಲಿಲ್ಲ, ಮಷೀನಿಗೆ ಹದಿನಾಲ್ಕು ವರ್ಷ, ಕಂಪನಿಗೆ ಎರಡು ತಿಂಗಳು!

ಒಂದು ಒಳ್ಳೇದನ್ನು ಹೇಳಲೇಬೇಕು. ಪೇಟೆಂಟ್ ಅರ್ಜಿಗೆ ದೊಡ್ಡ ಕಂಪನಿ ಆನ್‌ಲೈನಿನಲ್ಲಿ 8,000 ರೂಪಾಯಿ ಕಟ್ಟುವ ಕಡೆ ಸ್ಟಾರ್ಟಪ್‌ಗೆ 1,600 ಸಾಕು. ಇದು ನಿಜವಾಗಿ ಕೆಲಸಕ್ಕೆ ಬರುವ ಸಹಾಯ.

ಆಮೇಲೆ ಫಾರಂ. ಟೆಕ್ನಾಲಜಿ ರೆಡಿನೆಸ್ ಲೆವೆಲ್, ಅಂದರೆ ಮಷೀನು ಬಳಕೆಗೆ ಎಷ್ಟು ತಯಾರಾಗಿದೆ ಅನ್ನೋದು, 1ರಿಂದ 9ರ ಒಳಗೆ ಎಷ್ಟು ಅಂತ ಕೇಳಿದ್ದರು. ಭಾವನನ್ನು ಕೇಳಿದೆ. "ನಾರು ಸುತ್ತದಿದ್ರೆ ಒಂಬತ್ತು, ಸುತ್ತಿದ್ರೆ ಎರಡು." ಏಳು ಅಂತ ಬರೆದೆ.

ಯಾವ ಯೋಜನೆ ಅಂತ ಹೇಳುವುದು ಬೇಡ, ಒಂದು ಕಡೆಯಿಂದ ಕರೆ ಬಂತು. ಖುದ್ದಾಗಿ ಮಷೀನು ಓಡಿಸಿ ತೋರಿಸಬೇಕಂತೆ. ಮೇ ತಿಂಗಳಲ್ಲಿ! ಹಸಿ ಅಡಿಕೆ ಎಲ್ಲಿಂದ ತರೋದು? ಡಿಸೆಂಬರಿನಲ್ಲಿ ತೆಗೆದ ವಿಡಿಯೋ ತೋರಿಸಿದೆವು. ಒಬ್ಬರು ತುಂಬಾ ಮರ್ಯಾದೆಯಿಂದಲೇ "ಬೇರೆ ಯಾವುದಾದರೂ ಕಾಯಿ ಹಾಕಿ ತೋರಿಸಬಹುದಲ್ವಾ" ಅಂದರು. ಭಾವ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಚಹಾ ಕುಡಿಯುತ್ತಾ "ನಿಂಬೆಹಣ್ಣು ಹಾಕ್ಬಹುದಿತ್ತು" ಅಂತ ಹೇಳಿ ಒಬ್ಬರೇ ನಕ್ಕರು.

ಅವರನ್ನು ದೂರುತ್ತಿಲ್ಲ. ಆ್ಯಪ್ ಮಾಡುವವರಿಗೆ ಮೇ ಆದರೇನು, ಡಿಸೆಂಬರ್ ಆದರೇನು. ಹಂತಹಂತವಾಗಿ ಹಣ ಬಿಡುಗಡೆ, ಇಂತಿಷ್ಟು ತಿಂಗಳಿಗೆ ಇಂತಿಷ್ಟು ಪ್ರಗತಿ ಅನ್ನುವ ಲೆಕ್ಕ ಅವರಿಗೆ ಹೊಂದುತ್ತದೆ. ಮಲೆನಾಡಿನ ಮಷೀನಿಗೆ ವರ್ಷಕ್ಕೆ ಒಂದೇ ಪರೀಕ್ಷೆ, ಫೇಲಾದರೆ ಮತ್ತೆ ಹನ್ನೆರಡು ತಿಂಗಳು ಕಾಯಬೇಕು. ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಕೊಯ್ಲಿನ ಹೊತ್ತಿನಲ್ಲಿ ಅಲ್ಲಿಗೆ ಹತ್ತು ಶೆಡ್ಡಿನವರನ್ನು ಕರೆದು, ಒಂದು ವಾರ ಸುಲಿಸಿ, ಎಷ್ಟು ಗಾಯ, ಎಷ್ಟು ಜಾಮ್ ಅಂತ ಎಣಿಸಿದರೆ ಆಯ್ತು. ಪಿಪಿಟಿ ಬೇಡ, ಸುಮ್ನೆ ಎಣಿಸಿದರೆ ಸಾಕು.

ಸರ್ಕಾರದ ದುಡ್ಡು ದಂಡ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ಮೈಸೂರು ಸಂಸ್ಥಾನದ ದುಡ್ಡಿನಲ್ಲೇ ಅಲ್ವಾ? ಭಾವ ಲೇತ್ ಕಲಿತದ್ದು ಅಲ್ಲಿಂದ ರಿಟೈರ್ ಆದ ಒಬ್ಬ ಮೇಸ್ತ್ರಿಯ ಹತ್ತಿರ. ಫಾರಂನಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ ಅಷ್ಟೇ.

ಅದಾದ ಮೇಲಿನ ಕೊಯ್ಲಿನಲ್ಲಿ ಭಾವ ಐದು ಕೆಜಿ ಹಸಿ ಅಡಿಕೆ ಫ್ರೀಜರಿಗೆ ಹಾಕಿಟ್ಟಿದ್ದಾರೆ, ಮತ್ತೆ ಮೇನಲ್ಲಿ ಕರೆದರೆ ಇರಲಿ ಅಂತ. ಅಕ್ಕನಿಗೆ ಬೇರೆ ಏನು ಇಡಲೂ ಜಾಗ ಇಲ್ಲ, ದಿನಾ ಬೈಗುಳ. ಮೊನ್ನೆ ನಾಲ್ಕು ಕಾಯಿ ತೆಗೆದು ಹಾಕಿ ನೋಡಿದರಂತೆ. ಐಸು ಕರಗಿ ಸಿಪ್ಪೆ ಮೆತ್ತಗಾಗಿದೆ, ಬ್ಲೇಡು ಜಾರುತ್ತಿದೆ. ಈಗ ಅದಕ್ಕೇ ಅಂತ ಬೇರೆ ಸ್ಪ್ರಿಂಗ್ ಹುಡುಕುತ್ತಿದ್ದಾರೆ.