ದೊಡ್ಡಬೆಲೆ ತನಕ

23 ನವೆಂಬರ್ 2024, ಶನಿವಾರ
ತುಮಕೂರು

ಇವತ್ತು ಬೆಂಗಳೂರು ದಾರಿಯ ದೊಡ್ಡಬೆಲೆ ಸ್ಟೇಷನ್ ತನಕ ರೈಲಿನಲ್ಲಿ ಹೋಗಿ ಬಂದೆ. ಒಬ್ಬನೇ.

ಇದರಲ್ಲೇನಿದೆ ಅಂತ ನಿಮಗೆ ಅನ್ನಿಸಬಹುದು. ತುಮಕೂರಿನಿಂದ ಬೆಂಗಳೂರಿಗೆ ಎಷ್ಟೊಂದು ಜನ ದಿನಾ ಓಡಾಡುತ್ತಾರೆ. ನಾನೂ 11 ವರ್ಷ ಹಾಗೇ ಓಡಾಡಿದವನು. ಪಾಸ್ ಜೇಬಿನಲ್ಲಿಟ್ಟುಕೊಂಡು, ಕಂಬಿಗೆ ಒರಗಿ ತೂಕಡಿಸುತ್ತಾ ಯಶವಂತಪುರ ಮುಟ್ಟುತ್ತಿದ್ದೆ. ಜುಲೈ ಆದಮೇಲೆ ಅದೇ ಗಾಡಿ ಹತ್ತುವುದಕ್ಕೆ ನನ್ನಿಂದ ಆಗಲಿಲ್ಲ.

ಅವತ್ತು ಸೋಲದೇವನಹಳ್ಳಿ ಹತ್ತಿರ ಸಿಗ್ನಲ್ ಸಿಗದೆ ಗಾಡಿ ನಿಂತಿತ್ತು. ಮಳೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಕಾಲಿಡಲು ಜಾಗವಿರಲಿಲ್ಲ. ಇದ್ದಕ್ಕಿದ್ದ ಹಾಗೆ ಎದೆ ಢವಢವ ಹೊಡೆದುಕೊಳ್ಳತೊಡಗಿತು. ಉಸಿರು ಒಳಗೆ ಹೋಗುತ್ತಿಲ್ಲ ಅನ್ನಿಸಿತು. ಬೆರಳ ತುದಿ ಜುಮುಗುಟ್ಟಿತು, ಕಣ್ಣು ಕತ್ತಲೆ ಬಂತು. ಸಾಯುತ್ತಿದ್ದೇನೆ ಅಂತಲೇ ಅಂದುಕೊಂಡೆ. ಯಾರೋ ಎದ್ದು ಸೀಟು ಕೊಟ್ಟರು, ಯಾರೋ ನೀರು ಕೊಟ್ಟರು. ಚಿಕ್ಕಬಾಣಾವರದಲ್ಲಿ ಇಳಿಸಿ ಆಟೋ ಹತ್ತಿಸಿದ ಹುಡುಗನ ಮುಖ ಈಗಲೂ ನೆನಪಿದೆ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಸರಿಯಾಗಿತ್ತು. ‘ಏನೂ ಇಲ್ಲ ಸಾರ್, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ’ ಅಂದು ಕಳಿಸಿದರು. ಎದೆ ಹಾಗೆ ಹೊಡೆದುಕೊಂಡಾಗ ಹೃದಯವನ್ನು ಮೊದಲು ನೋಡಿಸಲೇಬೇಕು, ಅದನ್ನು ಅವರು ಮಾಡಿದರು. ಆದರೆ ‘ಏನೂ ಇಲ್ಲ’ ಅನ್ನುವ ಮಾತು ನನಗೆ ತುಂಬಾ ನೋವು ಕೊಟ್ಟಿತು. ಏನೂ ಇಲ್ಲದೆ ಹಾಗಾಗುತ್ತದಾ? ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತ ಒಂದು ಹೆಸರಿದೆ, ಔಷಧಿ ಇದೆ, ಇಂಥ ಕಡೆ ಹೋಗಿ ಅಂತ ಅವತ್ತೇ ಒಂದು ಮಾತು ಹೇಳಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಆ ಎರಡು ತಿಂಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ತಪ್ಪಿಸಿಕೊಳ್ಳುವುದು. ಮೊದಲು ರೈಲು ಬಿಟ್ಟೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಕ್ಕರೆ ಆಫೀಸು, ಇಲ್ಲದಿದ್ದರೆ ರಜೆ. ಆಮೇಲೆ ಬಸ್ಸೂ ಬೇಡವಾಯಿತು. ಮದುವೆಮನೆ ಬೇಡ, ರೇಷನ್ ಅಂಗಡಿಯ ಸಾಲು ಬೇಡ, ಕಟಿಂಗ್ ಅಂಗಡಿಯಲ್ಲಿ ಬಟ್ಟೆ ಹೊದ್ದು ಕೂರುವುದೂ ಬೇಡ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಜೀವಕ್ಕೆ ಹಾಯೆನಿಸುತ್ತಿತ್ತು. ಮಾರನೇ ದಿನ ಹೆದರಿಕೆ ಇನ್ನಷ್ಟು ಜಾಸ್ತಿ ಆಗಿರುತ್ತಿತ್ತು. ‘ಗ್ಯಾಸ್ ಇರಬೇಕು ಕಣಪ್ಪಾ’ ಅಂತ ಅಮ್ಮ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದರು.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಮಧ್ಯೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡರು. ನಾಳೆಯೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ ಅಂದರು. ನಾಳೆ ಹೋಗಲಿಲ್ಲ. ಒಂದು ವಾರ ತೆಗೆದುಕೊಂಡೆ. ನಮ್ಮ ಕಡೆ ಯಾರನ್ನಾದರೂ ಬೈಯಬೇಕಾದರೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನ್ನ’ ಅಂತಾರಲ್ವಾ, ಆ ಮಾತನ್ನು ನಾನೂ ಆಡಿದ್ದೇನೆ. ಇನ್ನು ಆಡುವುದಿಲ್ಲ.

ಡಾಕ್ಟರು ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದಂತೆ. ಅದೇನೂ ಇರಲಿಲ್ಲ. ಆಮೇಲೆ ಮಾತ್ರೆ ಕೊಟ್ಟರು. ಇದು ತಲೆನೋವಿನ ಮಾತ್ರೆಯ ಹಾಗಲ್ಲ, ಗುಣ ಕಾಣಲು ಕೆಲವು ವಾರ ಬೇಕು, ನೀವಾಗಿ ನೀವೇ ನಿಲ್ಲಿಸಬೇಡಿ ಅಂದರು. ಮೊದಲ ವಾರ ಹೊಟ್ಟೆ ತೊಳಸಿತು. ಆಮೇಲೆ ಸರಿಹೋಯಿತು. ದಿನಕ್ಕೆ 5 ಲೋಟ ಇದ್ದ ಕಾಫಿ ಒಂದಕ್ಕೆ ಇಳಿಯಿತು. ಬೆಳಗ್ಗೆ ಅಮಾನಿಕೆರೆಯ ಕಡೆ ನಡಿಗೆ ಶುರುವಾಯಿತು.

ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಕೌನ್ಸೆಲರ್ ಮೇಡಂ ಬರೆದುಕೊಟ್ಟ ಒಂದು ಗೆರೆ. ನನ್ನ ನೋಟ್‌ಬುಕ್ಕಿನಲ್ಲೇ ಬರೆದರು. ಕೆಳಗಿಂದ ಗುಡ್ಡದ ಹಾಗೆ ಮೇಲೆ ಹೋಗಿ, ನೆತ್ತಿ ಮುಟ್ಟಿ, ನಿಧಾನಕ್ಕೆ ಇಳಿಯುವ ಗೆರೆ. ‘ಗಾಬರಿ ಅನ್ನೋದು ಹೀಗಿರತ್ತೆ ಸಾರ್. ಹತ್ತು ನಿಮಿಷದ ಆಜುಬಾಜು ನೆತ್ತಿ ಮುಟ್ಟತ್ತೆ. ಆಮೇಲೆ ತಾನಾಗೇ ಇಳಿಯತ್ತೆ. ನೀವು ಇಲ್ಲಿವರೆಗೆ ಇಳಿಯೋದನ್ನ ನೋಡೇ ಇಲ್ಲ’ ಅಂದರು. ನಿಜ. ನಾನು ಪ್ರತಿ ಸಲ ನೆತ್ತಿಯ ಹತ್ತಿರವೇ ಎದ್ದು ಓಡಿಬಿಡುತ್ತಿದ್ದೆ. ಗಾಡಿಯಿಂದ ಇಳಿದಿದ್ದಕ್ಕೇ ಉಳಿದೆ ಅಂತ ಮಿದುಳು ಬರೆದಿಟ್ಟುಕೊಳ್ಳುತ್ತಿತ್ತು. ಇಳಿಯದಿದ್ದರೂ ಉಳಿಯುತ್ತಿದ್ದೆ ಅಂತ ಅದಕ್ಕೆ ಗೊತ್ತಾಗಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ಬೆರಳು ಯಾಕೆ ಜುಮುಗುಡುತ್ತದೆ ಅಂತಲೂ ಅವರೇ ಹೇಳಿದರು. ಮಿದುಳಿನ ಒಳಗೆ ಬಾದಾಮಿಯಂಥ ಒಂದು ಪುಟ್ಟ ಭಾಗವಿದೆ, ಅಮಿಗ್ಡಲಾ ಅಂತ. ಅಪಾಯ ಅನ್ನಿಸಿದ ತಕ್ಷಣ ಕೂಗು ಹಾಕುವುದು ಅದರ ಕೆಲಸ. ಹುಲಿ ಬಂದರೂ ಕೂಗುತ್ತದೆ, ಗಾಡಿ ನಿಂತರೂ ಕೂಗುತ್ತದೆ. ಆಗ ಅಡ್ರಿನಲಿನ್ ಅನ್ನುವ ಹಾರ್ಮೋನು ಹರಿದು ಎದೆ ಬಡಿತ ಏರುತ್ತದೆ. ಗಾಳಿ ಸಾಲದು ಅಂತ ನಾವು ಬೇಗ ಬೇಗ ಉಸಿರಾಡುತ್ತೇವೆ. ನಿಜವಾಗಿ ಗಾಳಿ ಜಾಸ್ತಿಯೇ ಆಗಿರುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಡುತ್ತದೆ. ಇದು ಗೊತ್ತಾದ ದಿನ ನನಗೆ ಅಳು ಬಂತು. ನನ್ನ ಮೈ ನನ್ನನ್ನು ಕೊಲ್ಲುತ್ತಿರಲಿಲ್ಲ, ಕಾಯುತ್ತಿತ್ತು.

ಆಮೇಲೆ ಸ್ಟೇಷನ್‌ಗಳ ಪಟ್ಟಿ ಮಾಡಿಸಿದರು. ಅಕ್ಟೋಬರ್‌ನಲ್ಲಿ ಹೆಂಡತಿಯ ಜೊತೆ ಬರೀ ಕ್ಯಾತಸಂದ್ರದ ತನಕ. ಅಲ್ಲಿಂದ ಬಸ್ಸಿನಲ್ಲಿ ವಾಪಸ್. ಅಷ್ಟಕ್ಕೇ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅದೇ ದಾರಿ ನಾಲ್ಕು ಸಲ ಮಾಡಿದ ಮೇಲೆ ಹಿರೇಹಳ್ಳಿ, ಆಮೇಲೆ ನಿಡವಂದ. ಇವತ್ತು ನಾಲ್ಕನೇ ಶನಿವಾರ, ರಜೆ. ‘ರೀ, ಇವತ್ತು ನಾನು ಬರಲ್ಲ. ನೀವೊಬ್ಬರೇ ಹೋಗಿಬನ್ನಿ’ ಅಂದಳು. ಹೇಳುವಾಗ ಅವಳ ದನಿಯೇ ನಡುಗುತ್ತಿತ್ತು.

ಗಾಡಿಯಲ್ಲಿ ಎಲ್ಲರ ಕಣ್ಣೂ ಮೊಬೈಲ್ ಮೇಲಿತ್ತು. ಉಪಚುನಾವಣೆಯ ಎಣಿಕೆ, ಚನ್ನಪಟ್ಟಣದ್ದೇ ಮಾತು. ನಿಮ್ಹಾನ್ಸ್‌ನವರು 2015–16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ದೊಡ್ಡವರಲ್ಲಿ 100ಕ್ಕೆ ಸುಮಾರು 10 ಜನಕ್ಕೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತಂತೆ. ನಮ್ಮ ಬೋಗಿಯಲ್ಲಿ 100 ಜನ ಇದ್ದರೇನೋ. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ನನ್ನ ಮುಖದಲ್ಲೂ ಅವರಿಗೆ ಕಂಡಿರಲಾರದು.

ಕ್ಯಾತಸಂದ್ರ ದಾಟಿತು. ಸಿದ್ಧಗಂಗೆಯ ಬೆಟ್ಟದ ಮೇಲೆ ಮಂಜಿತ್ತು. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿವರಾತ್ರಿ ಜಾತ್ರೆಗೆ ಕರೆದುಕೊಂಡು ಬರುತ್ತಿದ್ದರು. ಅಮ್ಮ ಮಾತ್ರ ಒಂದು ಸಲವೂ ಬಂದಿಲ್ಲ. ‘ನಂಗೆ ಆ ಜಂಗುಳಿ ಆಗಲ್ಲ’ ಅನ್ನುತ್ತಿದ್ದರು.

ನಿಡವಂದ ಬಿಟ್ಟ ಮೇಲೆ ಶುರುವಾಯಿತು. ಮೊದಲು ಹೊಟ್ಟೆಯಲ್ಲಿ ಸಂಕಟ, ಆಮೇಲೆ ಎದೆ. ಹತ್ತಕ್ಕೆ ಎಷ್ಟು ಅಂತ ನನಗೆ ನಾನೇ ಅಂಕ ಕೊಟ್ಟುಕೊಳ್ಳಬೇಕು. ಆರು ಕೊಟ್ಟೆ. ಸ್ವಲ್ಪ ಹೊತ್ತಿಗೆ ಎಂಟು. ಮುದ್ದಲಿಂಗನಹಳ್ಳಿಯಲ್ಲಿ ಗಾಡಿ ನಿಂತಾಗ ಎದ್ದು ಬಾಗಿಲಿಗೆ ಬಂದಿದ್ದೆ. ಒಂದು ಕಾಲು ಮೆಟ್ಟಿಲ ಮೇಲಿತ್ತು. ಕೆಳಗಿಂದ ಒಬ್ಬ ಹೆಂಗಸು ಅವರೆಕಾಯಿ ಚೀಲ ಎತ್ತಿ ಹಿಡಿದು, ‘ಅಣ್ಣಾ, ವಸಿ ಕೈ ಕೊಡಣ್ಣ’ ಅಂದರು. ಕೈ ನಡುಗುತ್ತಿದ್ದರೂ ಎಳೆದುಕೊಂಡೆ. ಚೀಲ ಭಾರವಿತ್ತು. ಅದನ್ನು ಒಳಗಿಟ್ಟು ತಿರುಗುವಷ್ಟರಲ್ಲಿ ಗಾಡಿ ಹೊರಟಿತ್ತು.

ಅಲ್ಲೇ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ. ಒಳಗೆ ಎಳೆದದ್ದಕ್ಕಿಂತ ಉದ್ದಕ್ಕೆ ಉಸಿರು ಬಿಟ್ಟೆ, ಮೇಡಂ ಹೇಳಿಕೊಟ್ಟ ಹಾಗೆ. ಓಡಿಸಲು ಹೋಗಲಿಲ್ಲ. ಇರಲಿ, ಬಂದಿದೆ, ಇದ್ದು ಹೋಗಲಿ ಅಂದುಕೊಂಡೆ. ಎಂಟು. ಎಂಟು. ಏಳು. ಆ ಹೆಂಗಸು ಚೀಲದ ಮೇಲೆ ಕೂತು ಯಾರಿಗೋ ಫೋನಿನಲ್ಲಿ ಅವರೆಯ ರೇಟು ಹೇಳುತ್ತಿದ್ದರು. ಐದು. ದೊಡ್ಡಬೆಲೆ ಬಂದಾಗ ನಾಲ್ಕು.

ನಾನು ಇಳಿಯುವುದನ್ನು ನೋಡಿದೆ! ಗಾಡಿಯ ಒಳಗೇ ನಿಂತು, ಅದು ಇಳಿಯುವುದನ್ನು ನೋಡಿದೆ.

ಆದರೆ ಒಂದು ಅನುಮಾನ ಉಳಿದಿದೆ. ಆ ಹೆಂಗಸು ಕರೆಯದೇ ಇದ್ದಿದ್ದರೆ ನಾನು ಇಳಿದೇಬಿಡುತ್ತಿದ್ದೆನಾ? ಬಹುಶಃ ಹೌದು. ಮಂಗಳವಾರ ಮೇಡಂ ಹತ್ತಿರ ಇದನ್ನು ಮುಚ್ಚಿಡದೆ ಹೇಳಬೇಕು. ದೊಡ್ಡಬೆಲೆಗೆ ಇನ್ನೂ ಮೂರು ನಾಲ್ಕು ಸಲ ಹೋಗಬೇಕು. ಆಮೇಲೆ ಗೊಲ್ಲಹಳ್ಳಿ.

ಅದೇ ಹೆಂಗಸಿನ ಹತ್ತಿರ ಎರಡು ಕೆಜಿ ಅವರೆಕಾಯಿ ತಂದೆ. ರಾತ್ರಿ ನಾನೂ ಅಮ್ಮನೂ ಸುಲಿಯುತ್ತಾ ಕೂತಿದ್ದೆವು. ನಡೆದದ್ದೆಲ್ಲ ಹೇಳಿದೆ. ನೋಟ್‌ಬುಕ್ ತಂದು ಆ ಗೆರೆ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗೆರೆಯ ಮೇಲೆ ಬೆರಳಿಟ್ಟು ನೆತ್ತಿಯ ತನಕ ಹೋಗಿ ನಿಲ್ಲಿಸಿದರು.

‘ನಂಗೂ ಹಿಂಗೇ ಆಗ್ತಿತ್ತು ಕಣಪ್ಪಾ. ಮದುವೆಯಾದ ವರ್ಷ ಜಾತ್ರೇಲಿ ಆಯ್ತು. ನಿಮ್ಮಜ್ಜಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ರು. ಆಮೇಲೆ ನಾನು ಹೋಗ್ಲೇ ಇಲ್ಲ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕ್ಯಾತಸಂದ್ರ ನಮ್ಮ ಮನೆಯಿಂದ ಎಷ್ಟು ದೂರ? ಬಸ್ಸಿನಲ್ಲಿ ಕಾಲು ಗಂಟೆ.

‘ಇದು ಕೆಳಗೆ ಬರತ್ತೇನೋ ನಿಜವಾಗ್ಲೂ?’ ಅಂದರು.

‘ಬರತ್ತಮ್ಮ. ಇವತ್ತು ನೋಡಿದೆ.’

ಬೆರಳನ್ನು ನೆತ್ತಿಯಿಂದ ನಿಧಾನಕ್ಕೆ ಕೆಳಗೆ ತಂದರು. ಮತ್ತೆ ಅವರೆಕಾಯಿ ಕೈಗೆತ್ತಿಕೊಂಡು, ಶಿವರಾತ್ರಿಗೆ ಇನ್ನೆಷ್ಟು ದಿನ ಇದೆ ಅಂತ ಕೇಳಿದರು.