ಕೂದಲಿಗಿಂತ ತೆಳು

ಇವತ್ತು ಕಾರಿಗೆ ಹೊಳಪು ಕೊಡುವ ಡೀಟೇಲಿಂಗ್ ಅಂಗಡಿಯ ಹುಡುಗ ಪಾಲಿಶ್ ಶುರು ಮಾಡುವ ಮೊದಲು ನನ್ನ ಕಾರಿನ ಬಾನೆಟ್ ಮೇಲೆ ಒಂದು ಪುಟ್ಟ ಮೀಟರ್ ಇಟ್ಟು ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆದ. 112 ಮೈಕ್ರಾನ್! ಅದರಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40 ಇರಬಹುದು ಅಷ್ಟೇ, ತಲೆಗೂದಲಿಗಿಂತ ತೆಳು, ಪ್ರತಿ ಸಲ ಮೆಷಿನ್ ಹಾಕಿದಾಗಲೂ ಅದೇ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಮೊದಲೆಲ್ಲ ಹಳೇ ಬನಿಯನ್ ಬಟ್ಟೆ, ಒಂದು ಡಬ್ಬಿ ವ್ಯಾಕ್ಸ್, ಕೈನೋವು ಬರುವಷ್ಟು ಉಜ್ಜುವುದು. ಆಮೇಲೆ ಟೆಫ್ಲಾನ್ ಲೇಪನ ಬಂತು, ಈಗ ಸೆರಾಮಿಕ್ ಲೇಪನ, ಪೇಂಟ್ ಕಾಪಾಡಲು ಮೇಲೆ ಅಂಟಿಸುವ ಪಾರದರ್ಶಕ ಹಾಳೆ ಪಿಪಿಎಫ್.

ಹೊಳಪು ಆಗಲೂ ಬರುತ್ತಿತ್ತು, ಅಲ್ವಾ? ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಅಳೆದು ನೋಡುವ ಈ ಎಚ್ಚರ ನನಗೆ ತುಂಬಾ ಇಷ್ಟವಾಯಿತು. ಡೋರ್ ಅಂಚಿನಲ್ಲಿ ಪೇಂಟ್ ಬೇಗ ಸವೆಯುತ್ತದೆ ಅಂತ ಅಲ್ಲಿಗೆಲ್ಲ ಟೇಪ್ ಬೇರೆ ಅಂಟಿಸಿದ. ಇಂಥ ಕೆಲಸಕ್ಕೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.