ಲೋಕಿ ಯಾಕೆ ಕೂತ?

ಅವರೆಕಾಳು ಇದುಕೋ ನೆಪದಲ್ಲಿ ನಿನ್ನೆ ರಾತ್ರಿ ತಮ್ಮನ ಜೊತೆ ಮತ್ತದೇ ಜಗಳ. ಮಾರ್ವೆಲ್‌ನ 'ಲೋಕಿ' ಸೀರೀಸು 2023ಕ್ಕೇ ಮುಗೀತು, ನಮ್ಮದು ಮುಗಿದಿಲ್ಲ. ಕೊನೇಲಿ ಅದರ ನಾಯಕ, ಕಿಡಿಗೇಡಿ ದೇವರು ಲೋಕಿ, ಸಿಂಹಾಸನದ ಮೇಲೆ ಕೂತಿದ್ದು ತ್ಯಾಗಕ್ಕೋ, ರಾಜನಾಗೋ ಹಳೇ ಆಸೆಗೋ?

ತಮ್ಮ ತ್ಯಾಗ ಅಂತಾನೆ. ಸಿಲ್ವಿಯನ್ನ (ಬೇರೊಂದು ಕಾಲದ ಎಳೆಯಲ್ಲಿ ಹೆಣ್ಣಾಗಿ ಹುಟ್ಟಿದ ಲೋಕಿ ಅವಳು) ಕೊಂದುಬಿಟ್ಟಿದ್ರೆ ಕಾಲ ಉಳಿಸೋ ಕೆಲಸ ಸಲೀಸಾಗ್ತಿತ್ತು, ಕೊಲ್ಲಲಿಲ್ಲ. ಅದು ಸರಿ. ಆದ್ರೆ ಸಾಯ್ತಿರೋ ಕಾಲದ ಎಳೆಗಳನ್ನ ಬಾಚಿ ಹಿಡ್ಕೊಂಡು ಹೋಗೋವಾಗ ತಲೆ ಮೇಲೆ ಆ ಕೊಂಬಿನ ಕಿರೀಟ ಯಾಕಪ್ಪಾ ಬೇಕಿತ್ತು? ಬರೀ ತ್ಯಾಗ ಮಾಡೋನಿಗೆ ಅಷ್ಟು ಠೀವಿ ಇರುತ್ತಾ?

ಅಜ್ಜಿ ಬೆರಳಿಗಂಟಿದ ಸಿಪ್ಪೆ ಕೊಡವಿ, "ದಸರಾದಲ್ಲಿ ಅರಮನೆ ಸಿಂಹಾಸನ ನೋಡಿ ಬಂದ್ರಲ್ಲ, ಅಂಥದ್ದೇನಾ?" ಅಂದ್ರು.

"ಅದಕ್ಕೆ ಚಿನ್ನ ಇದೆ ಅಜ್ಜಿ, ಇವನದು ಒಡೆದುಹೋಗಿರೋದು."

"ಅಯ್ಯೋ, ಒಡೆದಿದ್ದಕ್ಯಾಕೆ ಕೂತ ಮತ್ತೆ?"

ತಮ್ಮ ಗೆದ್ದೆ ಅಂತ ನಗ್ತಿದ್ದ. ನಾನು ಒಪ್ಪಿಲ್ಲ. ಇವತ್ತು ಮೊದಲನೇ ಸೀಸನ್ನಿಂದ ಶುರು.